ಬಿಸಿನೀರಿಗೆ ಹೆದರದ ಕೈ

ಶಿಡ್ಲಘಟ್ಟದ ರೇಷ್ಮೆ ಬಿಚ್ಚಾಣಿಕೆ ಶೆಡ್ಡಿನಲ್ಲಿ ನನ್ನ ಬಲಗೈಗೆ ಒಂದು ಹೆಸರಿತ್ತು. ಅಲ್ಲಿ ಹಬೆಯಾಡುವ ನೀರಿನ ತೊಟ್ಟಿಗಳಲ್ಲಿ ಗೂಡುಗಳು ತೇಲುತ್ತಿರುತ್ತವೆ. ಆ ನೀರಿಗೆ ಬೆರಳು ಹಾಕಿ, ಗೂಡಿನ ಎಳೆ ಹುಡುಕಿ, ಮೇಲೆ ತಿರುಗುವ ರಾಟೆಗೆ ಸೇರಿಸಬೇಕು. ಉಳಿದ ಹೆಂಗಸರು ಪಕ್ಕದಲ್ಲೊಂದು ತಣ್ಣೀರಿನ ಬಟ್ಟಲು ಇಟ್ಟುಕೊಂಡು ಆಗಾಗ ಬೆರಳು ಅದ್ದಿಕೊಳ್ಳುತ್ತಿದ್ದರು. ಹಾಗೆ ಅದ್ದಿದಷ್ಟು ಹೊತ್ತು ಕೆಲಸ ನಿಲ್ಲುತ್ತಿತ್ತು. ನನಗೆ ಬರಬರುತ್ತಾ ಆ ಬಟ್ಟಲೇ ಬೇಡವಾಯಿತು. ಶೆಡ್ಡಿನ ಮಾಲೀಕರಾದ ಸಾಬರು ಹೊಸಬರನ್ನು ಕರೆದುಕೊಂಡು ಬಂದು ನನ್ನ ಹಿಂದೆ ನಿಲ್ಲಿಸುತ್ತಿದ್ದರು.

"ಸರೋಜಮ್ಮನ್ನ ನೋಡಿ ಕಲೀರಮ್ಮ. ಅದು ಕೈಯಲ್ಲ, ಕಬ್ಬಿಣ."

ನಾನು ಹಿಗ್ಗುತ್ತಿದ್ದೆ. ಮನೆಯಲ್ಲಿ ಅತ್ತೆಯೂ ಹಿಗ್ಗುತ್ತಿದ್ದರು. ಕೇರಿಯ ಹೆಂಗಸರ ಮುಂದೆ ನನ್ನ ಕೈ ಹಿಡಿದು ತಿರುಗಿಸಿ ತೋರಿಸುತ್ತಿದ್ದರು. "ನಮ್ಮ ಸರೋಜಿ ಒಬ್ಬಳು ಇಬ್ಬರ ಕೆಲಸ ಮಾಡ್ತಾಳೆ ಕಣ್ರೇ."

ಆ ಕೈ ಸಾಯುತ್ತಿತ್ತು. ಕೈ ಸಾಯುವಾಗ ನೋವಾಗುವುದಿಲ್ಲ, ನೋವು ಹೋಗುತ್ತದೆ. ಅದನ್ನೇ ಎಲ್ಲರೂ ಗಟ್ಟಿತನ ಎಂದುಕೊಂಡೆವು.

ಅತ್ತೆ ಮುನಿಯಮ್ಮ ಬೇರೆ ಯಾರೂ ಅಲ್ಲ, ನನ್ನ ಅಪ್ಪನ ಒಡಹುಟ್ಟಿದ ತಂಗಿ. ನಗರಗೆರೆ ಕಡೆಯ ನಮ್ಮ ಹಳ್ಳಿಯಿಂದ ಶಿಡ್ಲಘಟ್ಟಕ್ಕೆ ಮದುವೆಯಾಗಿ ಹೋದವರು, ನಾನು ಎಸ್ಸೆಸ್ಸೆಲ್ಸಿ ಮುಗಿಸಿದ ಮರುವರ್ಷವೇ ಮಗನಿಗೆ ನನ್ನನ್ನು ತಂದುಕೊಂಡರು. ಗಂಡ ನಾರಾಯಣಪ್ಪ ಗೂಡಿನ ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತಿದ್ದರು. ನಮಗೊಬ್ಬಳೇ ಮಗಳು, ಗೀತಾ. ಆಗಿನ್ನೂ ಒಂದನೇ ಕ್ಲಾಸಿಗೆ ಸೇರಿದ್ದಳು.

ಎಂಬತ್ತರ ದಶಕದ ಆ ಬೇಸಿಗೆಯಲ್ಲಿ ನನ್ನ ಬಲಗೈಯ ಕಿರುಬೆರಳು, ಉಂಗುರದ ಬೆರಳು ಒಳಕ್ಕೆ ಬಾಗತೊಡಗಿದವು. ಮೊಣಕೈ ಕೆಳಗೆ ಒಂದು ಪೇಲವ ಮಚ್ಚೆ ಮೊದಲೇ ಇತ್ತು. ಹುಳುಕಡ್ಡಿ ಎಂದು ಪೇಟೆಯ ಡಾಕ್ಟರೊಬ್ಬರು ಮುಲಾಮು ಕೊಟ್ಟಿದ್ದರು. ಒಂದು ದಿನ ಬೆರಳ ಮೇಲೆ ಸುಟ್ಟ ಬೊಬ್ಬೆ ಒಡೆದು ಕೀವು, ರಕ್ತ ಇಳಿಯುತ್ತಿದ್ದದ್ದು ನನಗೇ ತಿಳಿದಿರಲಿಲ್ಲ. ತೊಟ್ಟಿಯ ನೀರು ಕೆಂಪಾಗಿದೆ ಎಂದು ಪಕ್ಕದವಳು ಕೂಗಿದಳು. ಸಾಬರು ಬಂದು ನನ್ನ ಕೈ ನೋಡಿದರು. ಅವರ ಮುಖ ಬದಲಾಯಿತು.

"ಚಿಕ್ಕಬಳ್ಳಾಪುರದಲ್ಲಿ ದೊಡ್ಡ ಡಾಕ್ಟ್ರಿಗೆ ತೋರ್ಸಮ್ಮ. ತೋರಿಸ್ದೆ ಕೆಲಸಕ್ಕೆ ಬರಬೇಡ."

ಗಂಡ ಜೊತೆಗೆ ಬಂದರು. ದಾರಿಯುದ್ದಕ್ಕೂ ಒಳ್ಳೆಯ ಮಾತೇ ಆಡಿದರು. ನರ ಸಿಕ್ಕಿಕೊಂಡಿರಬೇಕು, ನೀವಿಸಿದರೆ ಸರಿಹೋಗುತ್ತದೆ ಎಂದರು. ಆಸ್ಪತ್ರೆಯ ಜಗಲಿಯಲ್ಲಿ ಬಹಳ ಹೊತ್ತು ಕಾದೆವು. ಯಾರೋ ಹಸುಗೂಸನ್ನು ನನ್ನ ಮಡಿಲಿಗೆ ಕೊಟ್ಟು ಚೀಟಿ ಬರೆಸಲು ಹೋದರು. ಆ ಕೂಸು ನನ್ನ ಬಾಗಿದ ಬೆರಳನ್ನೇ ಹಿಡಿದುಕೊಂಡು ನಿದ್ದೆ ಮಾಡಿತು. ಮುಂದೆ ಎಷ್ಟೋ ವರ್ಷ ಯಾರ ಮಗುವೂ ನನ್ನ ಮಡಿಲಿಗೆ ಬರಲಿಲ್ಲ, ಹಾಗಾಗಿ ಅದರ ತೂಕ ಈಗಲೂ ನೆನಪಿದೆ.

ಡಾಕ್ಟರು ನನ್ನ ಕಣ್ಣು ಮುಚ್ಚಿಸಿದರು. ಎರಡು ಗಾಜಿನ ನಳಿಗೆಗಳನ್ನು ಒಂದಾದ ಮೇಲೊಂದು ನನ್ನ ಅಂಗೈಯ ಅಂಚಿಗೆ ತಾಗಿಸಿದರು.

"ಒಂದರಲ್ಲಿ ಬಿಸಿನೀರು, ಒಂದರಲ್ಲಿ ತಣ್ಣೀರು ಇದೆ. ಯಾವುದು ಯಾವುದು ಹೇಳಮ್ಮ."

"ಎರಡೂ ಒಂದೇ ತರ ಅವೆ ಸಾರ್."

"ಇನ್ನೊಂದು ಸಲ."

"ಒಂದೇ ತರ."

ಅವರು ನನ್ನ ಮೊಣಕೈಯ ಒಳಗೆ ಒತ್ತಿ ಹಗ್ಗದಷ್ಟು ದಪ್ಪವಾಗಿದ್ದ ನರವೊಂದನ್ನು ಹುಡುಕಿದರು. ಕಿವಿಯ ಹಾಲೆಯಿಂದ ಒಂದಿಷ್ಟು ಕೆರೆದು ಗಾಜಿಗೆ ಸವರಿದರು. ಎಡಗಾಲಿನ ಅಂಗಾಲಿಗೂ ಅದೇ ಪರೀಕ್ಷೆ ನಡೆಯಿತು. ಅಲ್ಲೂ ನನಗೆ ಏನೂ ತಿಳಿಯಲಿಲ್ಲ. ಕಡೆಗೆ ಡಾಕ್ಟರು ಗಂಡನನ್ನು ಒಳಗೆ ಕರೆದರು.

"ಇದು ಕುಷ್ಠ. ಹೆದರಬೇಡಿ. ಈಗ ಒಳ್ಳೆ ಮಾತ್ರೆ ಬಂದಿದೆ, ಪೂರ್ತಿ ವಾಸಿಯಾಗುತ್ತೆ. ಮಾತ್ರೆ ಶುರು ಮಾಡಿದ ಮೇಲೆ ಇವರಿಂದ ಯಾರಿಗೂ ಹರಡಲ್ಲ. ಆದರೆ ಮನೆಯವರೆಲ್ಲ ಒಂದು ಸಲ ಬಂದು ಪರೀಕ್ಷೆ ಮಾಡಿಸ್ಕೊಬೇಕು. ಮಗುವನ್ನಂತೂ ಕರ್ಕೊಂಡು ಬರಲೇಬೇಕು."

ಗಂಡ ಮೊದಲನೇ ಮಾತಿನಲ್ಲೇ ಬಾಗಿಲ ಕಡೆ ಸರಿದಿದ್ದರು. ಉಳಿದದ್ದು ಅವರಿಗೆ ಕೇಳಿಸಿತೋ ಇಲ್ಲವೋ. "ನಮಗೇನಾಗೈತೆ ಸಾರ್?" ಎಂದಷ್ಟೇ ಕೇಳಿ ಹೊರಗೆ ಹೋದರು.

ಶಿಡ್ಲಘಟ್ಟದ ಬಸ್ಸಿನಲ್ಲಿ ಅವರು ಹಿಂದಿನ ಸೀಟಿಗೆ ಹೋಗಿ ಕೂತರು. ನಾನು ಮುಂದೆ ಹೆಂಗಸರ ಸೀಟಿನಲ್ಲಿದ್ದೆ. ಕಂಡಕ್ಟರು ನನ್ನ ಹತ್ತಿರ ಬಂದಾಗ ಹಿಂದಕ್ಕೆ ಕೈ ತೋರಿಸಿ, ಯಜಮಾನರು ಟಿಕೆಟ್ ತೆಗೀತಾರೆ ಎಂದೆ. ಕಂಡಕ್ಟರು ಹಿಂದೆ ಹೋಗಿ ಕೇಳಿದ್ದು ನನಗೆ ಕೇಳಿಸಿತು.

"ಆಯಮ್ಮ ನಿಮ್ಮ ಜೊತೆನಾ?"

"ಇಲ್ಲ."

ನಾನು ಎದ್ದು ತಿರುಗಿ ನೋಡಿದೆ. ಗಂಡ ಕಿಟಕಿಯಾಚೆ ನೋಡುತ್ತಿದ್ದರು. ಕಂಡಕ್ಟರು ನನ್ನ ಮುಖ ನೋಡಿದ, ಅವರ ಮುಖ ನೋಡಿದ, ಏನನ್ನೋ ಅರ್ಥ ಮಾಡಿಕೊಂಡ. ಎದ್ದು ನಿಂತಿದ್ದ ನನಗೆ, "ಕೂತ್ಕೊಳಮ್ಮ" ಎಂದಷ್ಟೇ ಹೇಳಿ, ಟಿಕೆಟ್ಟಿನ ದುಡ್ಡು ಕೇಳದೆ ಮುಂದೆ ಹೋದ. ಆ ದಿನ ನನ್ನ ಮೇಲೆ ದಯೆ ತೋರಿಸಿದ್ದು ಅವನೊಬ್ಬನೇ.

ಮನೆಯಲ್ಲಿ ಅತ್ತೆ ಅಳಲಿಲ್ಲ, ಕೂಗಾಡಲಿಲ್ಲ. ಮಗ ಹೇಳಿದ್ದನ್ನು ಕೇಳಿಸಿಕೊಂಡು ಹಿತ್ತಿಲಿಗೆ ಹೋದರು. ಬರುವಾಗ ಅವರ ಕೈಯಲ್ಲೊಂದು ತೆಂಗಿನ ಚಿಪ್ಪಿತ್ತು. ಅದನ್ನು ಜಗಲಿಯ ಮೂಲೆಯಲ್ಲಿಟ್ಟರು.

"ಇನ್ನು ಇದ್ರಲ್ಲೇ ನೀರು ಕುಡಿ. ಒಳಗೆ ಬರಬೇಡ."

ನಮ್ಮದು ಊರಾಚೆಯ ಕೇರಿ. ತಾವು ಹುಡುಗಿಯಾಗಿದ್ದಾಗ ಊರೊಳಗಿನ ಮೇಲ್ಜಾತಿಯ ಯಜಮಾನರ ಮನೆಯ ಹಿತ್ತಿಲಲ್ಲಿ ಅಂಥದ್ದೇ ಚಿಪ್ಪಿನಲ್ಲಿ ನೀರು ಕುಡಿದದ್ದನ್ನು, ಯಜಮಾನಿ ಮೇಲಿನಿಂದ ಸುರಿಯುವಾಗ ಎದೆಯೆಲ್ಲ ನೆನೆಯುತ್ತಿದ್ದದ್ದನ್ನು ಅತ್ತೆಯೇ ನನಗೆ ಎಷ್ಟೋ ಸಲ ಹೇಳಿದ್ದರು. ಹೇಳುವಾಗೆಲ್ಲ ಅವರ ದನಿ ನಡುಗುತ್ತಿತ್ತು. ಈಗ ಅವರೇ ಮುದ್ದೆಯನ್ನು ಮಾರುದೂರದಿಂದ ನನ್ನ ಎಲೆಗೆ ಎಸೆದರು. ಹೇಗೆ ಎಸೆಯಬೇಕು, ಎಷ್ಟು ದೂರ ನಿಲ್ಲಬೇಕು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಗೀತಾ ಸ್ಕೂಲಿನಿಂದ ಬಂದವಳು ಎಂದಿನಂತೆ ಓಡಿ ಬಂದು ಕೊರಳಿಗೆ ಬೀಳಲು ನೋಡಿದಳು. ಅತ್ತೆ ಅವಳ ರಟ್ಟೆ ಹಿಡಿದು ಎಳೆದರು.

"ಮುಟ್ಟಬೇಡ! ಅಮ್ಮನ್ನ ಮುಟ್ಟಿದ್ರೆ ನಿನ್ನ ಬೆರಳು ಉದುರೋಗ್ತವೆ."

ಮಗು ನಕ್ಕಿತು. ಆಟ ಎಂದುಕೊಂಡಿತು. ಆಮೇಲೆ ನನ್ನ ಕೈ ನೋಡಿತು, ತನ್ನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಂಡಿತು. ಮಾರನೆಯ ದಿನ ನಾನು ಕರೆದರೂ ಬರಲಿಲ್ಲ. ಬಾಗಿಲ ಹಿಂದೆ ನಿಂತು ಬೆರಳುಗಳನ್ನು ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡು ನನ್ನನ್ನೇ ನೋಡುತ್ತಿತ್ತು.

ಆ ವಾರವೇ ಗಂಡ ನನ್ನನ್ನು ತವರಿಗೆ ಕಳಿಸಿದರು. ಮಗುವನ್ನು ಪರೀಕ್ಷೆ ಮಾಡಿಸಿ ಎಂದು ನಾನು ಬಸ್ ಸ್ಟ್ಯಾಂಡಿನಲ್ಲಿ ಕೈ ಮುಗಿದೆ. "ಮಾಡಿಸ್ತೀನಿ, ಮಾಡಿಸ್ತೀನಿ" ಎಂದರು. ಬಸ್ಸು ಹೊರಡುವ ಮುಂಚೆಯೇ ಹೊರಟುಹೋದರು.

ತವರಿನಲ್ಲಿ ಅಪ್ಪ ಅಮ್ಮ ತೀರಿಕೊಂಡಿದ್ದರು. ಅಣ್ಣ ವೆಂಕಟೇಶ ಒಳ್ಳೆಯವನು, ಆದರೆ ಹೆಂಡತಿಯ ಮುಂದೆ ಅವನ ಒಳ್ಳೆಯತನ ಮಾತಾಡುತ್ತಿರಲಿಲ್ಲ. ದನದ ಕೊಟ್ಟಿಗೆಯ ಒಂದು ಬದಿಗೆ ಸೋಗೆ ಕಟ್ಟಿ ನನಗೆ ಜಾಗ ಮಾಡಿಕೊಟ್ಟ. ಅತ್ತಿಗೆ ಊಟ ಕಳಿಸುತ್ತಿದ್ದರು, ನನ್ನ ಪಾತ್ರೆಯನ್ನು ನಾನೇ ದೂರದ ಬೋರ್‌ವೆಲ್ಲಿನ ಹತ್ತಿರ ತೊಳೆಯಬೇಕಿತ್ತು. ಅಲ್ಲೂ ಹೆಂಗಸರು ನನ್ನನ್ನು ಕಡೆಗೆ ನಿಲ್ಲಿಸುತ್ತಿದ್ದರು.

ಚಿಕ್ಕಬಳ್ಳಾಪುರದ ಡಾಕ್ಟರು ನನ್ನ ಚಿಕಿತ್ಸೆಯನ್ನು ಗೌರಿಬಿದನೂರಿನ ಒಂದು ಸಣ್ಣ ಆಸ್ಪತ್ರೆಗೆ ಬರೆದುಕೊಟ್ಟಿದ್ದರು. ತಿಂಗಳಿಗೊಮ್ಮೆ ಹೋಗಬೇಕು, ಅಲ್ಲಿಯವರ ಎದುರಿಗೇ ಒಂದಿಷ್ಟು ಮಾತ್ರೆ ನುಂಗಬೇಕು, ಉಳಿದದ್ದನ್ನು ಮನೆಗೆ ತಂದು ದಿನಾ ನುಂಗಬೇಕು. ಬೇರೆ ರೋಗಿಗಳು ಮುಂದಿನ ಬಾಗಿಲಿನಿಂದ ಹೋಗುತ್ತಿದ್ದರು. ನಾವು ಹಿಂದಿನ ಹೊಂಗೆ ಮರದಡಿ ಕಾಯುತ್ತಿದ್ದೆವು. ಯಾರೂ ಹಾಗೆ ಹೇಳಿರಲಿಲ್ಲ. ನಾವೇ ಹಿಂದಕ್ಕೆ ಹೋಗಿ ಕೂರುತ್ತಿದ್ದೆವು.

ಮೊದಲನೇ ಸಲ ಅಲ್ಲಿ ಕೂತು ನಾನು ಅಳುತ್ತಿದ್ದಾಗ ಪಿಳ್ಳಪ್ಪ ಎಂಬ ಮುದುಕರೊಬ್ಬರು, "ಏಡವಕಮ್ಮಾ, ಅಳಬೇಡ" ಎಂದರು. ಅವರಿಗೆ ಮೂಗು ಕುಸಿದಿತ್ತು, ಎರಡೂ ಕೈಯಲ್ಲಿ ಬೆರಳುಗಳು ಮೊಂಡಾಗಿದ್ದವು. ಸಮಾಧಾನಕ್ಕೆಂದು ನನ್ನ ಕೈ ಮುಟ್ಟಲು ಬಂದರು. ನಾನು ಕೈ ಹಿಂದಕ್ಕೆಳೆದುಕೊಂಡೆ. ಅವರು ತಮ್ಮ ಕೈಯನ್ನು ಪಂಚೆಯೊಳಗೆ ಇಟ್ಟುಕೊಂಡರು. ಬೇರೆಯವರು ನನಗೆ ಮಾಡಿದ್ದನ್ನು ಎಷ್ಟು ಬೇಗ ನಾನು ಇನ್ನೊಬ್ಬರಿಗೆ ಮಾಡಿದೆ! ಈ ಕಾಯಿಲೆಯ ಕ್ರೌರ್ಯ ಇರುವುದೇ ಅಲ್ಲಿ. ಅದು ಬಂದವರೂ ಅದಕ್ಕೆ ಹೆದರುತ್ತಾರೆ.

ಮಾತ್ರೆಗಳಿಂದ ನನ್ನ ಮೈ ಕಂದುಗಪ್ಪಾಯಿತು. ಮುಖ ಸುಟ್ಟ ಇಟ್ಟಿಗೆಯ ಹಾಗೆ ಕಾಣುತ್ತಿತ್ತು. ಮಾತ್ರೆ ಮುಗಿದ ಮೇಲೆ ಬಣ್ಣ ಮರಳುತ್ತದೆ ಎಂದು ಡಾಕ್ಟರು ಹೇಳಿದ್ದರು. ಆದರೆ ಊರಿನವರ ಪಾಲಿಗೆ ಅದೇ ಸಾಕ್ಷಿಯಾಯಿತು. ರೋಗ ಏರುತ್ತಿದೆ ಎಂದು ಅತ್ತಿಗೆ ಎಲ್ಲರ ಮುಂದೆ ಹೇಳಿದರು. ವಾಸಿಯಾಗುತ್ತಾ ಬಂದಷ್ಟೂ ನಾನು ಅವರ ಕಣ್ಣಿಗೆ ಕೆಟ್ಟು ಹೋಗುತ್ತಿದ್ದೆ.

ಒಂದು ಹಬ್ಬದ ಬೆಳಗ್ಗೆ ಅತ್ತಿಗೆ ಅಂಗಳ ಸಾರಿಸಿ ರಂಗೋಲಿ ಹಾಕುತ್ತಿದ್ದರು. ನಾನು ನೀರು ತಂದು ಆ ಬದಿಯಲ್ಲೇ ಹಾದು ಕೊಟ್ಟಿಗೆಗೆ ಹೋದೆ. ಹಿಂದಿನಿಂದ ಚೀರಿದ್ದು ಕೇಳಿಸಿತು. ತಿರುಗಿ ನೋಡಿದರೆ ಹಸಿ ಸಗಣಿಯ ಮೇಲೆ ನನ್ನ ಎಡಗಾಲಿನ ಗುರುತುಗಳು ಕೆಂಪಗೆ ಸಾಲಾಗಿ ಬಿದ್ದಿದ್ದವು. ಕಾಲೆತ್ತಿ ನೋಡಿದೆ. ಬೆರಳುದ್ದದ ಜಾಲಿ ಮುಳ್ಳು ಚಪ್ಪಲಿಯನ್ನು ತೂರಿ ಅಂಗಾಲಿಗೆ ಇಳಿದಿತ್ತು. ಬೋರ್‌ವೆಲ್ಲಿನಿಂದ ಅಷ್ಟು ದೂರ ಅದರ ಮೇಲೇ ನಡೆದು ಬಂದಿದ್ದೆ.

"ನಿನ್ನ ಕೀವು, ರಕ್ತ ನನ್ನ ಮಕ್ಕಳು ತುಳೀಬೇಕಾ? ಸಾಯೋಕೆ ನಿನಗೆ ಬೇರೆ ಜಾಗ ಸಿಗ್ಲಿಲ್ವಾ?"

ಅಣ್ಣ ಅಲ್ಲೇ ಇದ್ದ. ಬಕೆಟ್ಟಿನಲ್ಲಿ ನೀರು ತಂದು ಆ ಗುರುತುಗಳ ಮೇಲೆ ಸುರಿದ. ನನ್ನ ಕಾಲಿನ ಕಡೆ ಒಂದು ಸಲವೂ ನೋಡಲಿಲ್ಲ.

ಗಾಯ ಹುಣ್ಣಾಯಿತು. ಆ ತಿಂಗಳು ಆಸ್ಪತ್ರೆಗೆ ಹೋದಾಗ ವಾಸನೆ ಬರುತ್ತಿತ್ತು. ಆಗ ನನ್ನನ್ನು ವಿಮಲಾ ಮೇಡಂ ಎಂಬುವರ ಹತ್ತಿರ ಕಳಿಸಿದರು. ಕೈಕಾಲುಗಳಿಗೆ ವ್ಯಾಯಾಮ ಕಲಿಸುವುದು ಅವರ ಕೆಲಸ. ಅವರ ಬಾಯಿ ತುಂಬಾ ಜೋರು. ಹುಣ್ಣು ತೊಳೆಯುತ್ತಾ ಬೈಯತೊಡಗಿದರು.

"ಮಾತ್ರೆ ಹುಳಾನ ಸಾಯಿಸುತ್ತೆ ಅಷ್ಟೇ. ಹೋದ ಸ್ಪರ್ಶ ವಾಪಸ್ ತರಲ್ಲ. ನೀನು ಹಿಂಗೇ ಇದ್ರೆ ಕಾಯಿಲೆ ವಾಸಿಯಾಗುತ್ತೆ, ಕಾಲು ಮಾತ್ರ ಕತ್ತರಿಸ್ಬೇಕಾಗುತ್ತೆ."

"ನೋವೇ ಆಗಲ್ಲ ಮೇಡಂ, ನನಗೆಂಗೆ ಗೊತ್ತಾಗ್ಬೇಕು?"

"ನಿಮ್ಮತ್ತೆ ನಿನ್ನ ಹೆಂಗೆ ನೋಡ್ಕೋತಿದ್ರು? ಎಲ್ಲಿಗೆ ಹೋಗಿದ್ದೆ, ಏನು ಮಾಡ್ದೆ, ಏನು ಮುಚ್ಚಿಟ್ಟಿದ್ದೀಯ, ಎಲ್ಲ ಕೇಳ್ತಿದ್ರಾ ಇಲ್ವಾ?"

"ಕೇಳ್ತಿದ್ರು."

"ನಿನ್ನ ಕೈಕಾಲಿಗೆ ಈಗ ನೀನೇ ಅತ್ತೆ. ದಿನಾ ಸಂಜೆ ಕೂರಿಸ್ಕೊಂಡು ಲೆಕ್ಕ ಕೇಳು. ನಂಬಬೇಡ. ಅವು ಸುಳ್ಳು ಹೇಳ್ತವೆ."

ಕಾಯಿಲೆ ಗೊತ್ತಾದ ಮೇಲೆ ನಾನು ನಕ್ಕದ್ದು ಅದೇ ಮೊದಲು.

ಅವರು ಕಲಿಸಿದ್ದು ಕಷ್ಟದ ವಿದ್ಯೆಯಲ್ಲ. ಸಂಜೆ ಬೆಳಕಿರುವಾಗಲೇ ತಣ್ಣೀರಿನಲ್ಲಿ ಕೈಕಾಲು ನೆನೆಹಾಕಬೇಕು. ಒರಟು ಚರ್ಮವನ್ನು ಕಲ್ಲಿನಿಂದ ಮೆಲ್ಲಗೆ ಉಜ್ಜಬೇಕು. ಒರೆಸದೆ, ತೇವ ಇರುವಾಗಲೇ ಎಣ್ಣೆ ಸವರಬೇಕು. ಬೆರಳಿನ ಸಂದು, ಅಂಗಾಲು, ಹಿಮ್ಮಡಿ ಎಲ್ಲವನ್ನೂ ಕಣ್ಣಿಟ್ಟು ನೋಡಬೇಕು. ಕೆಂಪಾಗಿದ್ದರೆ, ಬಿಸಿಯಾಗಿದ್ದರೆ ಮರುದಿನ ಆ ಕಾಲಿಗೆ ಬಿಡುವು. ಬಾಗಿದ ಬೆರಳುಗಳನ್ನು ತೊಡೆಯ ಮೇಲಿಟ್ಟು ಇನ್ನೊಂದು ಅಂಗೈಯಿಂದ ನೇರಕ್ಕೆ ನೀವಬೇಕು. ಚಪ್ಪಲಿ ಹಾಕುವ ಮುಂಚೆ ಕೊಡವಿ ನೋಡಬೇಕು. ಬಿಸಿ ಪಾತ್ರೆಯನ್ನು ಬಟ್ಟೆಯಿಲ್ಲದೆ ಹಿಡಿಯಬಾರದು. ಇಷ್ಟೇ. ಒಂದು ದಿನ ಮಾಡುವುದು ಸುಲಭ. ಮಾಡಿದರೂ ಏನೂ ಸಿಗುವುದಿಲ್ಲ, ಬಿಟ್ಟರೂ ಅವತ್ತೇ ಏನೂ ಆಗುವುದಿಲ್ಲ. ಅದೇ ಅದರ ಕಷ್ಟ. ಎಷ್ಟೋ ಸಂಜೆ ಕೊಟ್ಟಿಗೆಯಲ್ಲಿ ಕೂತು, ಯಾರಿಗೆ ಬೇಕಾದ ಕಾಲು ಇದು, ಕೊಳೆತರೆ ಕೊಳೆಯಲಿ ಎನ್ನಿಸುತ್ತಿತ್ತು. ಬೈಯುತ್ತಲೇ ನೆನೆಹಾಕುತ್ತಿದ್ದೆ. ಅತ್ತೆಯ ದನಿಯಲ್ಲೇ ಬೈಯುತ್ತಿದ್ದೆ.

ಮನಸ್ಸಿಗೂ ಮೇಡಂ ಒಂದು ಅಭ್ಯಾಸ ಹೇಳಿಕೊಟ್ಟರು. ಕೊಟ್ಟಿಗೆಯಲ್ಲಿ ಮುದುಡಿ ಕೂರಬಾರದು, ದಿನಾ ಒಂದು ಸಲ ಊರೊಳಗೆ ಹೋಗಿ, ನಾಲ್ಕು ಜನರ ಮುಂದೆ ಬಾಯಿಬಿಟ್ಟು ಏನಾದರೂ ಕೇಳಿ ತರಬೇಕು.

"ಕೊಡ್ದೇ ಇದ್ರೆ?"

"ಕೇಳಿ ಬಾ. ಕೊಡೋದು ಬಿಡೋದು ಅವರ ಕಾಯಿಲೆ."

ಹಾಗಾಗಿ ದಿನಾ ಅಂಗಡಿಗೆ ಹೋದೆ. ಅಂಗಡಿಯವನು ಉಪ್ಪಿನ ಪೊಟ್ಟಣವನ್ನು ನೆಲಕ್ಕೆ ಎಸೆಯುತ್ತಿದ್ದ. ಬಗ್ಗಿ ಎತ್ತಿಕೊಳ್ಳುತ್ತಿದ್ದೆ. ಕಟ್ಟೆಯ ಮೇಲೆ ಕೂತವರು ಮೂಗು ಮುಚ್ಚಿಕೊಂಡು ನಗುತ್ತಿದ್ದರು. ನಾನು ಅಳುವುದನ್ನು ಕೊಟ್ಟಿಗೆಗೆ ಬಂದ ಮೇಲಕ್ಕೆ ಇಟ್ಟುಕೊಂಡೆ. ತಿಂಗಳುಗಳು ಕಳೆದ ಮೇಲೆ ಒಂದು ದಿನ ಅವನು ಪೊಟ್ಟಣವನ್ನು ಹಲಗೆಯ ಮೇಲಿಟ್ಟ. ಅವನ ಮನಸ್ಸು ಬದಲಾಗಿತ್ತು ಎಂದು ನಾನು ಹೇಳುವುದಿಲ್ಲ. ಎಸೆದು ಎಸೆದು ಬೇಸರವಾಗಿರಬೇಕು. ಆದರೆ ನನಗೆ ಅಷ್ಟೇ ಸಾಕಾಗಿತ್ತು. ಅವತ್ತು ನಾನು ಬಗ್ಗಲಿಲ್ಲ.

ಎರಡು ವರ್ಷಕ್ಕೆ ಮಾತ್ರೆ ಮುಗಿಯಿತು. ಹುಣ್ಣು ಮಾಗಿತ್ತು. ನಿನಗಿನ್ನು ಕಾಯಿಲೆ ಇಲ್ಲ ಎಂದು ಡಾಕ್ಟರು ಹೇಳಿದ ದಿನವೇ ಶಿಡ್ಲಘಟ್ಟದ ದಾರಿ ಹಿಡಿದೆ. ಗೌರಿಬಿದನೂರಿನ ಪೇಟೆಯಲ್ಲಿ ಗೀತಾಗೆ ಒಂದು ಜೊತೆ ಬಳೆ ಕೊಂಡೆ. ಅವಳ ಕೈ ಎಷ್ಟು ಬೆಳೆದಿರಬಹುದು ಎಂದು ತಿಳಿಯದೆ ಬಳೆಗಾರನ ಮುಂದೆ ಬಹಳ ಹೊತ್ತು ನಿಂತಿದ್ದೆ.

ಬಾಗಿಲು ತೆರೆದದ್ದು ನನ್ನ ಸೀರೆ ಉಟ್ಟಿದ್ದ ಹೆಂಗಸು. ಅವಳ ಕಂಕುಳಲ್ಲಿ ಎಳೆಗೂಸಿತ್ತು. ಯಾರು ಬೇಕು ಎಂದು ಮರ್ಯಾದೆಯಿಂದಲೇ ಕೇಳಿದಳು. ಅವಳ ಹಿಂದೆ ಗಂಡ ಬಂದರು. ಅವಳನ್ನು ಒಳಗೆ ಕಳಿಸಿ, ನನ್ನನ್ನು ಬೀದಿಗೆ ಕರೆತಂದರು.

"ನಾನು ವಾಸಿ ಆಗಿದೀನಿ. ಡಾಕ್ಟ್ರೇ ಹೇಳವ್ರೆ."

"ಒಳ್ಳೇದಾಯ್ತು. ಅಲ್ಲೇ ಇರು."

"ಗೀತಾನ ಒಂದು ಸಲ ನೋಡಿ ಹೋಗ್ತೀನಿ."

"ಅವಳಿಗೆ ನೀನು ಬಿಟ್ಟೋದೆ ಅಂತ ಹೇಳಿದೀವಿ. ಈಗ ಮರ್ತವಳೆ. ಯಾಕೆ ಕೆದಕ್ತೀಯ?"

"ಅವಳಿಗೆ ಪರೀಕ್ಷೆ ಮಾಡಿಸಿದ್ರಾ?"

"ಈ ಮಾತು ಇನ್ನೊಂದು ಸಲ ಆಡಿದ್ರೆ ನಾಲಿಗೆ ಕಿತ್ತಾಕ್ತೀನಿ. ನನ್ನ ಮಗಳಿಗೆ ಏನೂ ಆಗಿಲ್ಲ."

ಅತ್ತೆ ಬಾಗಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಎಲ್ಲ ಕೇಳಿಸುತ್ತಿತ್ತು. ಅವರ ಬೆರಳುಗಳು ನಿಲ್ಲಲಿಲ್ಲ. ಬಳೆಗಳನ್ನು ಜಗಲಿಯ ಮೇಲಿಟ್ಟೆ. ಬೀದಿಯ ತಿರುವಿನಲ್ಲಿ ತಿರುಗಿ ನೋಡಿದಾಗ ಅತ್ತೆ ಅವನ್ನು ಕೋಲಿನಿಂದ ಚರಂಡಿಗೆ ತಳ್ಳುತ್ತಿದ್ದರು.

ಆಮೇಲೆ ವಿಮಲಾ ಮೇಡಂ ನನ್ನನ್ನು ಆಸ್ಪತ್ರೆಯಲ್ಲೇ ಆಯಾ ಕೆಲಸಕ್ಕೆ ಹಾಕಿಸಿದರು. ಹೊಸಬರಿಗೆ ಕೈಕಾಲು ನೆನೆಹಾಕುವುದನ್ನು ಕಲಿಸುವುದು ನನ್ನ ಕೆಲಸ. ಪಿಳ್ಳಪ್ಪನವರು ಬಂದಾಗ ಅವರ ಮೊಂಡು ಕೈಗಳನ್ನು ನನ್ನ ಕೈಯಲ್ಲಿ ಹಿಡಿದು ಎಣ್ಣೆ ಹಚ್ಚಿದೆ. "ಈಗ ಭಯ ಇಲ್ವಾ?" ಎಂದರು. "ಇಲ್ಲ ತಾತ" ಎಂದೆ. ಗೌರಿಬಿದನೂರಿನಲ್ಲಿ ಬಾಡಿಗೆಗೆ ಒಂದು ಕೋಣೆ ಸಿಗಲು ಬಹಳ ಅಲೆದೆ. ಎಲ್ಲಿ ಕೆಲಸ ಎಂದು ಹೇಳಿದ ಕೂಡಲೇ ಕೋಣೆ ಬೇರೆಯವರಿಗೆ ಮಾತಾಗಿದೆ ಎನ್ನುತ್ತಿದ್ದರು. ಕಡೆಗೆ ರೈಲ್ವೆ ಗೇಟಿನಾಚೆ ಒಂಟಿ ಮುದುಕಿಯೊಬ್ಬಳು ಕೊಟ್ಟಳು. ಅವಳಿಗೆ ಕಣ್ಣು ಕಾಣುತ್ತಿರಲಿಲ್ಲ. ಆದರೆ ಕಿವಿ ಚೆನ್ನಾಗಿತ್ತು, ಎಲ್ಲ ಹೇಳಿಯೇ ಸೇರಿಕೊಂಡೆ.

ವರ್ಷಗಳು ಕಳೆದವು. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಒಂದು ಮಧ್ಯಾಹ್ನ ಹೊಂಗೆ ಮರದಡಿ ಒಬ್ಬ ಹುಡುಗಿ ನಿಂತಿದ್ದಳು. ಚೂಡಿದಾರ ಹಾಕಿದ್ದಳು, ದುಪಟ್ಟಾವನ್ನು ಮುಖಕ್ಕೆ ಎಳೆದುಕೊಂಡಿದ್ದಳು.

"ನೀವು ಸರೋಜಮ್ಮನಾ?"

"ಹೌದು. ಬಾಮ್ಮ, ಕೂತ್ಕೋ."

ಅವಳು ಕೂರಲಿಲ್ಲ. "ಪಕ್ಕದ ಮನೆ ಅಜ್ಜಿ ಹೇಳಿದ್ರು, ನೀವಿಲ್ಲಿದೀರಾ ಅಂತ. ನಾನು ಗೀತಾ."

ತಬ್ಬಿಕೊಳ್ಳಲು ಹೆಜ್ಜೆ ಇಟ್ಟೆ. ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಆಮೇಲೆ ತೋಳು ಸರಿಸಿ ತೋರಿಸಿದಳು. ಮೇಲ್ತೋಳಿನಲ್ಲಿ ಪೇಲವವಾದ ಒಂದು ಮಚ್ಚೆ.

"ಇಲ್ಲಿ ಚಿವುಟಿದ್ರೆ ಗೊತ್ತಾಗಲ್ಲ. ನಿಮಗಿದ್ದದ್ದೇನಾ ಇದು?"

ಹನ್ನೆರಡು ವರ್ಷ ನಾನು ಕಾದಿದ್ದ ಮಗಳು ನನ್ನ ಹತ್ತಿರ ಬಂದದ್ದು ಹೀಗೆ. ನಾನು ಹತ್ತಿಯ ಎಳೆ ತೆಗೆದುಕೊಂಡು, ಅವಳಿಗೆ ಕಣ್ಣು ಮುಚ್ಚಲು ಹೇಳಿ, ಮಚ್ಚೆಯ ಸುತ್ತ ಮುಟ್ಟಿದೆ. ಮುಟ್ಟಿದಾಗೆಲ್ಲ ಹೂಂ ಎಂದಳು. ಮಚ್ಚೆಯ ನಡುವೆ ಮುಟ್ಟಿದಾಗ ಸುಮ್ಮನಿದ್ದಳು. ಕಣ್ಣು ಮುಚ್ಚಿಯೇ ಇದ್ದಳು, ಹಾಗಾಗಿ ನನ್ನ ಮುಖ ಅವಳಿಗೆ ಕಾಣಲಿಲ್ಲ. ಅವಳ ಮುಖವನ್ನು ಮಾತ್ರ ನಾನು ಮನಸಾರೆ ನೋಡಿಕೊಂಡೆ.

ಡಾಕ್ಟರು ನೋಡಿ, ಒಂದೇ ಮಚ್ಚೆ, ನರಗಳೆಲ್ಲ ಚೆನ್ನಾಗಿವೆ, ಆರು ತಿಂಗಳ ಮಾತ್ರೆ ಸಾಕು, ಗುರುತೂ ಉಳಿಯುವುದಿಲ್ಲ ಎಂದರು. ನನ್ನಿಂದಲೇ ಬಂದದ್ದಾ ಎಂದು ಕೇಳಿದೆ. ಯಾರಿಂದ ಎಂದು ಹೇಳಲಾಗದು, ಬೇಗ ಬಂದದ್ದೇ ಪುಣ್ಯ ಎಂದರು.

ಮನೆಯಲ್ಲಿ ಹೊಲಿಗೆ ಕ್ಲಾಸು ಎಂದು ಹೇಳಿ ಗೀತಾ ತಿಂಗಳಿಗೊಮ್ಮೆ ಬರತೊಡಗಿದಳು. ಮೊದಲ ತಿಂಗಳು ಮಾತ್ರೆ ನುಂಗಿ ಹೊರಟುಹೋದಳು. ಎರಡನೇ ತಿಂಗಳು ನನ್ನ ಕೋಣೆಗೆ ಬಂದು ಬಾಗಿಲಲ್ಲಿ ನಿಂತು ನೀರು ಕೇಳಿದಳು. ಅದರ ಮುಂದಿನ ಸಲ ಕೂತು ಉಂಡಳು. ಬಾಗಿದ ನನ್ನ ಬೆರಳುಗಳಲ್ಲಿ ಮುದ್ದೆ ಕಟ್ಟುವುದನ್ನು ಬಿಟ್ಟಕಣ್ಣು ಮುಚ್ಚದೆ ನೋಡಿದಳು.

"ಅಜ್ಜಿ ಹೇಳೋರು, ನಿನ್ನ ಬೆರಳೆಲ್ಲ ಉದುರೋಗವೆ ಅಂತ."

"ನೋಡು, ಎಲ್ಲ ಅವೆ."

"ಹೂಂ. ಎಲ್ಲ ಅವೆ."

ನೀವು ಎನ್ನುತ್ತಿದ್ದವಳು ಯಾವಾಗ ನೀನು ಎನ್ನತೊಡಗಿದಳೋ ತಿಳಿಯಲಿಲ್ಲ. ಸಂಜೆ ನಾನು ಕಾಲು ನೆನೆಹಾಕುವಾಗ ಎದುರಿಗೆ ಕೂರುತ್ತಿದ್ದಳು. ಒಂದು ಸಲ ತಾನೇ ಎಣ್ಣೆ ತೆಗೆದುಕೊಂಡು ನನ್ನ ಅಂಗಾಲಿಗೆ ಸವರಿದಳು. ಆ ಕಾಲಿಗೆ ಸ್ಪರ್ಶವಿಲ್ಲ. ಅವಳ ಕೈ ಆಡುತ್ತಿರುವುದು ಕಾಣುತ್ತಿತ್ತು, ತಿಳಿಯುತ್ತಿರಲಿಲ್ಲ. ಈ ಕಾಯಿಲೆ ನನ್ನಿಂದ ಕಿತ್ತುಕೊಂಡದ್ದರಲ್ಲಿ ಯಾವುದನ್ನೂ ನಾನು ಅಷ್ಟು ಶಪಿಸಿದ್ದಿಲ್ಲ.

ಆ ಆರು ತಿಂಗಳು ನನ್ನ ಬದುಕಿನ ಒಳ್ಳೆಯ ತಿಂಗಳುಗಳು. ನನ್ನ ಮಗಳಿಗೆ ಕಾಯಿಲೆ ಇದ್ದ ತಿಂಗಳುಗಳು. ಎರಡೂ ಒಂದೇ ಎಂಬುದನ್ನು ಯಾರ ಮುಂದೆ ಹೇಳುವುದು?

ಕಡೆಯ ಮಾತ್ರೆ ನುಂಗಿದ ದಿನ ಮಚ್ಚೆಯ ಜಾಗದಲ್ಲಿ ಬಣ್ಣ ತುಂಬಿತ್ತು. ಡಾಕ್ಟರು ಅವಳ ಬೆನ್ನು ತಟ್ಟಿ, ಇನ್ನು ಬರಬೇಕಾಗಿಲ್ಲ ಎಂದರು. ನಾನು ಅವಳನ್ನು ಬಸ್ ಸ್ಟ್ಯಾಂಡಿನವರೆಗೆ ಕರೆದುಕೊಂಡು ಹೋದೆ. ಚಿಕ್ಕಬಳ್ಳಾಪುರದ ಬಸ್ಸು ನಿಂತಿತ್ತು. ಅವಳು ಹತ್ತಲಿಲ್ಲ.

"ಅಮ್ಮ, ಮದುವೆ ಗೊತ್ತಾಗೈತೆ. ಚಿಂತಾಮಣಿ ಕಡೆಯವರು. ಹುಡುಗ ಮೇಷ್ಟ್ರು."

"ಒಳ್ಳೇದಾಯ್ತಲ್ಲಮ್ಮ."

"ಅವರಿಗೆ... ನೀನು ಸತ್ತೋಗಿದೀಯ ಅಂತ ಹೇಳವ್ರೆ. ನಾನು ಅಲ್ಲ ಅಂದ್ರೆ ಮದುವೆ ನಿಲ್ಲುತ್ತೆ. ನೀನೇನಂತೀಯ?"

ಅವಳು ನನ್ನಿಂದ ಅಪ್ಪಣೆ ಕೇಳುತ್ತಿದ್ದಳು. ನಿಜ ಹೇಳು ಎನ್ನಬಹುದಿತ್ತು. ಅದರ ಬೆಲೆ ಏನೆಂದು ನನಗೆ ಗೊತ್ತಿತ್ತು. ಮನೆಯ ಹೊರಗಿನ ಜಗಲಿಯನ್ನು ನಾನು ಕಂಡಿದ್ದೆ. ಅವಳು ಅದನ್ನು ಕಾಣುವುದು ನನಗೆ ಬೇಕಿರಲಿಲ್ಲ.

"ಹಾಗೇ ಇರ್ಲಿ ಬಿಡು" ಎಂದೆ. "ಆದ್ರೆ ವರ್ಷಕ್ಕೊಂದು ಸಲ ಮೈಯೆಲ್ಲ ಬೆಳಕಲ್ಲಿ ನೋಡ್ಕೋ. ಮಕ್ಕಳಾದ್ರೆ ಅವಕ್ಕೂ ನೋಡು. ಏನಾದ್ರೂ ಕಂಡ್ರೆ ಮುಚ್ಚಿಡಬೇಡ. ಯಾರಿಗೂ ಹೇಳದೆ ಬಾ, ನಾನಿಲ್ಲೇ ಇರ್ತೀನಿ."

"ಹೂಂ" ಎಂದಳು. ಹತ್ತಿ ಕೂತಳು. ಬಸ್ಸು ತಿರುಗುವವರೆಗೂ ಕಿಟಕಿಯಿಂದ ನೋಡುತ್ತಿದ್ದಳು. ಮತ್ತೆ ಬರಲಿಲ್ಲ. ಬರಲಿಲ್ಲ ಎಂದರೆ ಆರೋಗ್ಯವಾಗಿದ್ದಾಳೆ ಎಂದೇ ಅರ್ಥ ಮಾಡಿಕೊಂಡಿದ್ದೇನೆ. ಬೇರೆ ಅರ್ಥ ಹುಡುಕುವುದಿಲ್ಲ. ಇದೂ ಒಂದು ಅಭ್ಯಾಸ, ದಿನಾ ಮಾಡಬೇಕು.

ಗೀತಾ ಹೇಳಿಹೋಗಿದ್ದ ಮದುವೆಯ ದಿನ ನಾನು ರಜೆ ಹಾಕಲಿಲ್ಲ. ಅವತ್ತು ಮಂಚೇನಹಳ್ಳಿ ಕಡೆಯ ಒಬ್ಬ ಹೆಂಗಸು ಮೊದಲ ಸಲ ಬಂದಿದ್ದಳು. ಸೆರಗಿನೊಳಗೆ ಕೈ ಮುಚ್ಚಿಕೊಂಡು ಗೋಡೆಗೆ ಒರಗಿ ನಿಂತಿದ್ದಳು. ಎಷ್ಟು ಹೇಳಿದರೂ ಕೂರಲೊಲ್ಲಳು. ಮನೆಯಲ್ಲಿ ಇಬ್ಬರು ಮಕ್ಕಳನ್ನು ಬಿಟ್ಟು ಬಂದಿದ್ದಳು, ಮತ್ತೆ ಒಳಗೆ ಸೇರಿಸುತ್ತಾರೋ ಇಲ್ಲವೋ ಎಂಬ ಭಯ. ನಾನು ತೊಟ್ಟಿಗೆ ತಣ್ಣೀರು ತುಂಬಿಸಿ ಅವಳ ಮುಂದಿಟ್ಟೆ.

"ನಿಮಗೆ ಮಕ್ಕಳು?" ಎಂದು ಕೇಳಿದಳು.

ಅದುವರೆಗೆ ಯಾರು ಕೇಳಿದರೂ ಇಲ್ಲ ಎನ್ನುತ್ತಿದ್ದೆ. ಅವತ್ತು ಹಾಗೆನ್ನಲು ಬಾಯಿ ಬರಲಿಲ್ಲ.

"ಒಬ್ಬಳು ಮಗಳು. ಇವತ್ತು ಅವಳ ಮದುವೆ."

"ಅಯ್ಯೋ, ಮತ್ತೆ ನೀವಿಲ್ಲಿದೀರಲ್ಲ?"

"ಹೂಂ" ಎಂದೆ. "ಕೂತ್ಕೊಮ್ಮ. ಕಾಲು ನೀರಿಗೆ ಇಡು."

ಅವಳು ನನ್ನ ಮುಖವನ್ನೇ ನೋಡುತ್ತಾ ಮೆಲ್ಲಗೆ ಕೂತಳು.